ಕಾಳು ಹಾಕುವುದು ಬಿಟ್ಟ ಮೇಲೆ ಬಂದ ಹಕ್ಕಿಗಳು

"ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ ಮಾರಾಯ್ರೆ, ಗುಡಿಸುವ ರಗಳೆಯೇ ಇಲ್ಲ" ಎಂದು ಪಕ್ಕದ ಮನೆಯವರು ಹೇಳಿದ್ದೇ ಹೇಳಿದ್ದು. ಅಡಿಗೆ 60–70 ರೂಪಾಯಿಯಂತೆ. ನಾನು ಹಾಕಿಸಲಿಲ್ಲ. ಉಡುಪಿ ಹತ್ತಿರದ ಪರ್ಕಳದಲ್ಲಿ ನಮ್ಮದು ಹತ್ತು ಸೆಂಟ್ಸ್ ಜಾಗ, ಅದರಲ್ಲಿ ಅರ್ಧ ಮನೆಗೇ ಹೋಗಿದೆ. ಉಳಿದದ್ದರಲ್ಲಿ ಹಲಸು, ಮಾವಿನ ತರಗೆಲೆ ಬಿದ್ದಲ್ಲೇ ಇರುತ್ತದೆ. ಚಳಿಗಾಲಕ್ಕೆ ನವರಂಗ ಹಕ್ಕಿ ಬಂದು ಅದನ್ನೇ ಮಗುಚಿ ಹುಳ ಹೆಕ್ಕುತ್ತದೆ. ಈಗ ಪಕ್ಕದವರೇ ಮೊಬೈಲ್ ಹಿಡಿದು ಕಂಪೌಂಡಿನಾಚೆ ನಿಲ್ಲುತ್ತಾರೆ!

ಹಕ್ಕಿಗಳನ್ನು ಅಂಗಳಕ್ಕೆ ಕರೆಯಲು ಹೊರಟಾಗ ಹಣ ಹೋದದ್ದು ಮೊದಲಿಗೆ. ಕಾಳು ತುಂಬಿ ತೂಗುಹಾಕುವ ಆನ್‌ಲೈನಿನ ಫೀಡರಿಗೆ ಆರೇಳು ನೂರು, ತಿಂಗಳಿಗೆ ನಾನ್ನೂರರ ನವಣೆ, ಸಜ್ಜೆ ಬೇರೆ. ಬಂದದ್ದು ಪಾರಿವಾಳ, ಕಾಗೆ, ಅಳಿಲು. ಉದುರಿದ ಕಾಳಿಗೆ ರಾತ್ರಿ ಹೆಗ್ಗಣ, ಹೆಗ್ಗಣದ ಹಿಂದೆ ಕೇರೆ ಹಾವು. ಮನೆಯವಳು ಫೀಡರನ್ನೇ ಬಿಚ್ಚಿ ಗುಜರಿಗೆ ಹಾಕಿದಳು. ನರ್ಸರಿಯ ಗಿಡ್ಡ ಕೇಪಳಕ್ಕೂ ಒಂದೂವರೆ ಸಾವಿರ ಸುರಿದೆ. ವರ್ಷವಿಡೀ ಹೂ, ಹಣ್ಣು ಮಾತ್ರ ಇಲ್ಲ, ಪಿಕಳಾರ (ಬುಲ್‌ಬುಲ್) ತಿರುಗಿಯೂ ನೋಡಲಿಲ್ಲ. ಅದನ್ನು ಕಿತ್ತು, ಮಳೆ ಹಿಡಿದ ಮೇಲೆ ಗುಡ್ಡೆಯ ಕೇಪಳದ ಗೆಲ್ಲು ಊರಿದೆ. ಮೂರನೇ ವರ್ಷಕ್ಕೆ ಹೂವಿಗೆ ಸೂರಕ್ಕಿ, ಹಣ್ಣಿಗೆ ಪಿಕಳಾರ. ಖರ್ಚು ಸೊನ್ನೆ.

ಆದರೆ ನಿಜವಾಗಿ ಕೆಲಸ ಮಾಡಿದ್ದು ನೀರು. ಅಗಲದ ಮಣ್ಣಿನ ತಟ್ಟೆ, ಎರಡು ಬೆರಳಿನಷ್ಟೇ ನೀರು, ನಡುವೆ ಮುರಕಲ್ಲಿನ ತುಂಡು. ಪೊದೆಯಿಂದ ಆರೇಳು ಅಡಿ ದೂರ, ಇಲ್ಲದಿದ್ದರೆ ಬೆಕ್ಕು ಹೊಂಚು ಹಾಕುತ್ತದೆ. ಮೆಡಿಕಲ್‌ನಲ್ಲಿ ಸಿಗುವ ಡ್ರಿಪ್ ಸೆಟ್ಟನ್ನು ಐದು ಲೀಟರಿನ ಕ್ಯಾನಿಗೆ ಸಿಕ್ಕಿಸಿ ಮರಕ್ಕೆ ಕಟ್ಟಿದ್ದೇನೆ. ಎರಡು ಸೆಕೆಂಡಿಗೊಂದು ಹನಿಯಂತೆ ಗಾಲಿ ತಿರುಗಿಸಿಟ್ಟರೆ ಎರಡು ದಿನ ಧಾರಾಳ. ನಿಂತ ನೀರಿನ ಕಡೆ ಸುಳಿಯದ ಹಕ್ಕಿಗಳು ಈ ಟಪ್ ಟಪ್ ಸದ್ದಿಗೆ ಇಳಿದವು. ಸಂಜೆ ಐದರ ಮೇಲೆ ಹರಟೆಮಲ್ಲಗಳ ಗಲಾಟೆ, ಆಮೇಲೆ ಮಡಿವಾಳ ಹಕ್ಕಿ. ತೀರ ಕತ್ತಲಾಗುವಾಗ ರಾಜಹಕ್ಕಿ ಗೆಲ್ಲಿನಿಂದ ನೇರ ನೀರಿಗೆ ಹೊಡೆದು, ಕಾಲೂರದೆ ಮತ್ತೆ ಗೆಲ್ಲಿಗೆ ಏರುತ್ತದೆ, ನಾಲ್ಕೈದು ಸಲ. ಚಳಿಗಾಲದಲ್ಲಿ ಅದಕ್ಕಾಗಿಯೇ ಆಫೀಸಿನಿಂದ ಬೇಗ ಹೊರಡುತ್ತೇನೆ. ಪಾಚಿ ಕಟ್ಟದಂತೆ ತಳಕ್ಕೆ ಏನಿಡುತ್ತೇನೆ ಎಂಬುದು ಸದ್ಯ ನನ್ನಲ್ಲೇ ಇರಲಿ. ಜೂನ್ ಬಂತೆಂದರೆ ತಟ್ಟೆ ಕವುಚಿ ಹಾಕುತ್ತೇನೆ. ಡೆಂಗ್ಯೂ ಸಮಯದಲ್ಲಿ ಆಶಾ ಕಾರ್ಯಕರ್ತೆಯಿಂದ ಬೈಗುಳ ಯಾಕೆ?

ಗೂಡುಪೆಟ್ಟಿಗೆಗಳನ್ನೂ ತೂಗುಹಾಕಿದ್ದೆ. ಒಂದರಲ್ಲಿ ಮಡಿವಾಳ ಮರಿ ಮಾಡಿತು, ಒಂದಕ್ಕೆ ಮುಜಂಟಿ ಜೇನು ಹೊಕ್ಕಿತು, ಉಳಿದವು ಹಲ್ಲಿಗಳ ಪಾಲು. ಮುಜಂಟಿ ಜೇನುತುಪ್ಪದ ರೇಟು ಗೊತ್ತಿದ್ದವರು ಇದನ್ನು ನಷ್ಟ ಎನ್ನಲಾರರು.

ಮಾವಿನ ಮರದ ರಸ ಹೀರಿ ಬೆಳೆಯುವ ಬಂದಳಿಕೆ ಕಡಿಯಲು ಬಂದವನಿಗೆ ಒಂದು ಗೆಲ್ಲಿನದ್ದು ಬಿಡಲು ಹೇಳಿದೆ. ಹುಚ್ಚು ಎಂದುಕೊಂಡಿರಬೇಕು. ಆ ಗೆಲ್ಲಿನ ಫಸಲು ಹೋಯಿತು, ಹೆಬ್ಬೆರಳುದ್ದದ ಬದನಿಕೆ ಹಕ್ಕಿ ಬಂತು. ಹಣ್ಣು ತಿಂದು ಅಂಟುಬೀಜವನ್ನು ಪಕ್ಕದ ಗೆಲ್ಲಿಗೆ ಒರೆಸಿ ಹೋಗುವುದೂ ಅದೇ, ಹಾಗಾಗಿ ವರ್ಷಕ್ಕೊಮ್ಮೆ ಸವರಲೇಬೇಕು.

ಈಗಿನ ಹುಚ್ಚು ಈಶ್ವರಬಳ್ಳಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಇದರ ಮೇಲೆ. ಕಳೆದ ವರ್ಷ ಕಂಬಳಿಹುಳಗಳು ಎಲೆ ಮುಗಿಸಿ ಎಳೆ ದಂಟಿಗೂ ಬಾಯಿ ಹಾಕಿದವು, ಈ ಸಲ ಎರಡು ಕಡೆ ಹಬ್ಬಿಸಿದ್ದೇನೆ. ಗೆಲ್ಲು ಬೇಕಾದವರು ಮಳೆ ಶುರುವಾದ ಮೇಲೆ ಬನ್ನಿ, ಕೊಡುತ್ತೇನೆ. ಬೇರು ಬರಿಸುವ ಉಪಾಯ ಕೇಳಬೇಡಿ.