ಕಿವಿ ದಿಢೀರನೆ ಗುಂಯ್ ಅನ್ನತೊಡಗಿದರೆ

ಕಲಬುರಗಿಯ ತೊಗರಿಬೇಳೆ ಮಿಲ್ಲಿನಲ್ಲಿ ದುಡಿಯೋ ನಮಗೆ ಸಂಜೆ ಕಿವಿ ಗುಂಯ್ ಅನ್ನೋದು ರೂಢಿ. ಬೆಳಗಾಗೋದರೊಳಗೆ ಇಳಿಯದಿದ್ದರೆ, ಅದರಲ್ಲೂ ಒಂದೇ ಕಿವಿಯಲ್ಲಿದ್ದರೆ, ಸುಮ್ಮನಿರಬೇಡಿ.

ಮೊದಲು ಫೋನನ್ನು ಒಂದೊಂದು ಕಿವಿಗೆ ಹಿಡಿದು ನೋಡಿ. ಒಂದು ಕಡೆ ಮಾತು ಮಂದವಾಗಿದ್ದರೆ ಬಾಯಿ ಮುಚ್ಚಿ ‘ಮ್‌ಮ್’ ಅಂತ ಗುನುಗಿ. ದನಿ ಮಂದವಾದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆ ಕಟ್ಟಿರಬಹುದು. ಚೆನ್ನಾಗಿರೋ ಕಿವಿಯಲ್ಲಿ ಜೋರಾದರೆ ಒಳಕಿವಿ ಇಲ್ಲವೇ ನರದ ತೊಂದರೆ ಇರಬಹುದು. ಇದು ಬರೀ ಅಂದಾಜು. ಕೇಳಿಸೋದು ಕಡಿಮೆಯಾಗಿದ್ದರೆ ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಒಳಕಿವಿಯ ತೊಂದರೆಗೆ ಸ್ಟೆರಾಯ್ಡ್ ಔಷಧಿ ಬೇಕಾದರೆ ಮೊದಲ ದಿನಗಳಲ್ಲೇ ಶುರುವಾಗಬೇಕು, 2 ವಾರ ದಾಟಿದರೆ ಫಲ ಕಡಿಮೆ. ಬಿತ್ತನೆ ಮುಗೀಲಿ, ಜಾತ್ರೆ ಮುಗೀಲಿ ಅಂತ ನಮ್ಮವರು ಮುಂದೂಡೋದು ಕಂಡಾಗ ಸಂಕಟ ಆಗ್ತದೆ.

ಎಣ್ಣೆ ಕಾಸಿ ಬಿಡೋಣ ಅಂತ ಅವ್ವ ಅಂತಾಳೆ. ಬೇಡ. ಕಡ್ಡಿ, ಪಿನ್ನು, ಬಡ್ಸ್ ಕೂಡ ಬೇಡ.

ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿವೆ. ನುಂಗುವ ಗುಳಿಗೆಗಳ ಪಟ್ಟಿಯನ್ನೆಲ್ಲ ಒಯ್ಯಿರಿ. ಆಸ್ಪಿರಿನ್ ಹೆಚ್ಚಾದರೂ ಕಿವಿ ಮೊರೆಯುತ್ತದೆ. ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳಿಸ್ತದೆ ಅಂತ ಅಳೆಯೋ ಪರೀಕ್ಷೆ, ಬೇಕಾ ಅಂತ ಕೇಳಿ.

ಬಾಯಿ ಸೊಟ್ಟಗಾದರೆ, ನಿಲ್ಲಲಾಗದಷ್ಟು ತಲೆ ತಿರುಗಿದರೆ, ತಲೆಗೆ ಪೆಟ್ಟಾದ ಮೇಲೆ ಶುರುವಾಗಿದ್ದರೆ ತಕ್ಷಣ 108.

ರಾತ್ರಿ ಪೂರ್ತಿ ನಿಶ್ಶಬ್ದದಲ್ಲಿ ಮೊರೆತ ಇನ್ನೂ ಜೋರಾಗಿ ಕೇಳ್ತದೆ. ಫ್ಯಾನ್ ಹಾಕಿ, ಇಲ್ಲವೇ ರೇಡಿಯೋ ಸಣ್ಣಗೆ ಹಚ್ಚಿಡಿ. ನಿದ್ದೆ ಕೆಟ್ಟು ಜೀವವೇ ಬೇಸರವಾದರೆ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡ್ತಾರೆ.