ಸೇತುವೆಗೆ ದುಡ್ಡು ಸಿಕ್ಕಿತು, ಲಿಫ್ಟಿನ ಕರೆಂಟಿಗೆ ಸಿಗಲಿಲ್ಲ

ತಾನೇ ಅಂದಾಜು ಪಟ್ಟಿಗೆ ಸಹಿ ಹಾಕಿದ ಪಾದಚಾರಿ ಮೇಲ್ಸೇತುವೆಯ ಮೇಲೆ ನಿಂತು, ಕೆಳಗೆ ರಸ್ತೆ ದಾಟುವವರನ್ನು ಎಣಿಸುವುದು ಎಂಜಿನಿಯರಿಗೆ ಮರ್ಯಾದೆಯ ಕೆಲಸವಲ್ಲ. ನಾನು ಎಣಿಸಿದ್ದೇನೆ. ರಟ್ಟಿನ ಮೇಲೆ ಎರಡು ಕಾಲಂ ಗೀಚಿಕೊಂಡು, ಮೇಲೆ ಬಂದವರಿಗೊಂದು ಗೆರೆ, ಕೆಳಗೆ ದಾಟಿದವರಿಗೊಂದು ಗೆರೆ. ಕೆಳಗಿನವರ ಕಾಲಂ ಬೇಗನೆ ತುಂಬಿ ರಟ್ಟು ಮಗುಚಬೇಕಾಯಿತು. ಮೇಲಿನವರದ್ದು ಬೆರಳೆಣಿಕೆ, ಅದರಲ್ಲೂ ಇಬ್ಬರು ಫೋಟೊ ತೆಗೆಯಲು ಹತ್ತಿದ ಹುಡುಗರು. ನೂರಿನ್ನೂರು ಹೆಜ್ಜೆ ಆಚೆ ಡಿವೈಡರಿನ ಕಂಬಿಯೊಂದನ್ನು ಯಾರೋ ಕಿತ್ತಿದ್ದರು. ಹತ್ತಿಳಿಯಲು ಅನುಕೂಲವಾಗಲೆಂದು ಅಲ್ಲೊಂದು ಕಲ್ಲನ್ನೂ ಇಟ್ಟಿದ್ದರು. ಜನ ಎಲ್ಲಿ ದಾಟುತ್ತಾರೆ ಎಂದು ಹೇಳಲು ಆ ಕಲ್ಲಿಗಿಂತ ಒಳ್ಳೆಯ ಸರ್ವೆ ವರದಿ ನಾನು ಓದಿಲ್ಲ.

ಹಾಗಾದರೆ ಸೇತುವೆ ಇಲ್ಲೇಕೆ ಬಂತು? ದುಡ್ಡು ಇಲ್ಲಿ ಸಿಕ್ಕಿತು, ಅದಕ್ಕೆ. ನಗರಾಡಳಿತದ ಕಾಮಗಾರಿ ವಿಭಾಗದಲ್ಲಿದ್ದೆ, ಆ ವರ್ಷದ ಬಜೆಟ್ಟಿನಲ್ಲಿ ಪಾದಚಾರಿಗಳಿಗೆಂದು ಒಂದು ಕಾಸೂ ಇರಲಿಲ್ಲ. ಜಾಹೀರಾತು ಕಂಪನಿಯೊಂದು ಮುಂದೆ ಬಂತು: ನಾವೇ ಕಟ್ಟುತ್ತೇವೆ, ಇಷ್ಟು ವರ್ಷ ಜಾಹೀರಾತು ಹಕ್ಕು ಕೊಡಿ, ಆಮೇಲೆ ಸೇತುವೆ ನಿಮ್ಮದು. ‘ಸಂಸ್ಥೆಗೆ ಯಾವುದೇ ಆರ್ಥಿಕ ಹೊರೆ ಇರುವುದಿಲ್ಲ’ ಎಂದು ಕಡತದಲ್ಲಿ ಖುಷಿಯಿಂದ ಬರೆದವನು ನಾನೇ. ಒಪ್ಪಂದವಾದ ಮೇಲೆ ಜಾಗ ಸ್ವಲ್ಪ ಸರಿಸೋಣ ಎಂದರು. ಸಿಗ್ನಲ್ಲಿನಲ್ಲಿ ನಿಂತ ಕಾರಿನವರಿಗೆ ಫಲಕ ಕಣ್ಣೆದುರೇ ಬರಬೇಕಲ್ಲ! ಸರಿಸಿದೆವು. ಎರಡೂ ಬದಿಗೆ ಫಲಕ ಕಟ್ಟಿದ ಮೇಲೆ ಒಳಗೆ ಯಾರಿದ್ದಾರೆ ಎಂಬುದೇ ರಸ್ತೆಯಿಂದ ಕಾಣದಾಯಿತು. ಕತ್ತಲಾದ ಮೇಲೆ ಹೆಂಗಸರು ಅತ್ತ ಸುಳಿಯುವುದು ನಿಂತಿತು. ಕಂಪನಿಯನ್ನು ಬೈದು ಪ್ರಯೋಜನವಿಲ್ಲ. ಅವರ ಗಿರಾಕಿ ಕಾರಿನಲ್ಲಿ ಕೂತವನು, ಸೇತುವೆ ಹತ್ತುವವನಲ್ಲ. ಅದು ನನಗೆ ಮೊದಲೇ ಹೊಳೆಯಬೇಕಿತ್ತು.

ಮುಂದಿನ ಸೇತುವೆಗೆ ಕ್ರಮ ತಿರುವುಮುರುವು ಮಾಡಿದೆ. ಮೊದಲು ಕಿತ್ತ ಕಂಬಿ ಹುಡುಕಿ ಜಾಗ ಗೊತ್ತುಮಾಡಿದೆವು, ಆಮೇಲೆ ದುಡ್ಡಿಗೆ ಹೊರಟೆವು. ಸರ್ಕಾರದ ಅನುದಾನ ಸಿಕ್ಕಿತು. ಅನುದಾನ ಎಂದರೆ ಪುಕ್ಕಟೆ ಹಣ ಎನ್ನುವವರು ಅದನ್ನು ಖರ್ಚು ಮಾಡಿ ನೋಡಿಲ್ಲ. ಮೊದಲು ನಮ್ಮ ಪಾಲಿನ ಹಣ ತೋರಿಸಬೇಕು. ಉಳಿದದ್ದು ಕಂತಿನಲ್ಲಿ ಬರುತ್ತದೆ, ಮೊದಲ ಕಂತಿನ ಬಳಕೆ ಪ್ರಮಾಣಪತ್ರ ಹೋಗದೆ ಎರಡನೆಯದು ಅಲುಗುವುದಿಲ್ಲ. ಗುತ್ತಿಗೆದಾರ ಅಷ್ಟು ದಿನ ಕಾಯುವನೇ? ಮುಗಿದ ಕೆಲಸ ಬರೆದಿಡುವ ಅಳತೆ ಪುಸ್ತಕದಲ್ಲಿ ಕಂಬಗಳು ಎದ್ದಿದ್ದವು, ಖಾತೆ ಮಾತ್ರ ಖಾಲಿ. ಸೇತುವೆಯ ಹಾಸು ಹೊರುವ ತೊಲೆಗಳು, ಅಂದರೆ ಗರ್ಡರುಗಳು, ಮೂರು ತಿಂಗಳು ರಸ್ತೆ ಬದಿಯಲ್ಲಿ ಮಲಗಿದ್ದವು. ಅದಕ್ಕೂ ಮೊದಲು ಅಡಿಪಾಯ ಅಗೆದಾಗ ಯಾವ ನಕ್ಷೆಯಲ್ಲೂ ಇಲ್ಲದ ನೀರಿನ ಕೊಳವೆ ಸಿಕ್ಕಿತ್ತು. ಅದನ್ನು ಸ್ಥಳಾಂತರಿಸುವ ಖರ್ಚು ಅನುದಾನದ ನಿಯಮದೊಳಗೆ ಬರುವುದಿಲ್ಲ ಎಂಬ ಉತ್ತರ ಬಂತು. ಈಗ ಅಂದಾಜು ಪಟ್ಟಿಗೆ ಮೊದಲೇ ಮೂರ್ನಾಲ್ಕು ಕಡೆ ಪರೀಕ್ಷಾ ಗುಂಡಿ ತೋಡಿಸುತ್ತೇನೆ.

ನಿಜವಾದ ಪೇಚು ಇದ್ದದ್ದು ಲಿಫ್ಟಿನಲ್ಲಿ. ರಸ್ತೆಯಿಂದ ಐದೂವರೆ ಮೀಟರು ಬಿಟ್ಟು ಗರ್ಡರು ಕೂರಿಸಿದರೆ ನಡೆಯುವ ಹಾಸು ಆರು ಮೀಟರಿಗೆ ಬರುತ್ತದೆ. ಮೆಟ್ಟಿಲಿಗೆ 15 ಸೆಂಟಿಮೀಟರು ಎಂದು ಹಿಡಿದರೆ 40 ಮೆಟ್ಟಿಲು. ಮೊಣಕಾಲು ನೋವಿನವರಿಗೆ ಅದು ಬೆಟ್ಟ. ಗಾಲಿಕುರ್ಚಿಯವರಿಗೆ ಇಳಿಜಾರು ಹಾದಿ ಮಾಡೋಣವೆಂದರೆ, ಹನ್ನೆರಡಕ್ಕೆ ಒಂದರ ಇಳಿಜಾರಿನಲ್ಲಿ 72 ಮೀಟರು ಉದ್ದ ಬೇಕು, ನಡುನಡುವೆ ನಿಲ್ಲುವ ಕಟ್ಟೆಗಳು ಬೇರೆ. ಅಷ್ಟು ಜಾಗ ಎಲ್ಲಿದೆ? ಲಿಫ್ಟಿಗೆ ಒಂದು ಸಣ್ಣ ಕೋಣೆಯಷ್ಟು ಜಾಗ ಸಾಕು. ಆದರೆ ಇಳಿಜಾರು ಹಾದಿಗೆ ಹೆಚ್ಚುಕಡಿಮೆ ಒಂದೇ ಸಲದ ಖರ್ಚು, ಲಿಫ್ಟಿಗೆ ತಿಂಗಳು ತಿಂಗಳೂ ಕರೆಂಟು, ಕಾವಲಿನವನು, ನಿರ್ವಹಣಾ ಗುತ್ತಿಗೆ. ಒಂದು ಬಂಡವಾಳ ವೆಚ್ಚ, ಇನ್ನೊಂದು ರಾಜಸ್ವ ವೆಚ್ಚ. ಅನುದಾನ ಕೊಡುವವರು, ಸಾಲ ಕೊಡುವವರು, ಬಾಂಡ್ ಕೊಳ್ಳುವವರು ಎಲ್ಲರ ಹಣವೂ ಸಾಮಾನ್ಯವಾಗಿ ಮೊದಲನೆಯದಕ್ಕೇ. ಎರಡನೆಯದು ತೆರಿಗೆಯ ಹಣದಿಂದಲೇ ಹೋಗಬೇಕು. ಆ ಹಣಕ್ಕೆ ಸಂಬಳ, ಕಸ, ಬೀದಿದೀಪ ಎಲ್ಲವೂ ಬಾಯಿ ತೆರೆದುಕೊಂಡು ಕೂತಿರುತ್ತವೆ. ಲಿಫ್ಟಿನ ಹಗ್ಗ ಬದಲಿಸಿದ್ದಕ್ಕೆ ಯಾರೂ ಟೇಪು ಕತ್ತರಿಸುವುದಿಲ್ಲ.

ಲಂಡನ್ನಿನ ಥೇಮ್ಸ್ ನದಿಯಲ್ಲಿ ಇದರ ಎರಡೂ ಮುಖ ನೋಡಬಹುದು. ಅಲ್ಲಿ ಮಧ್ಯಯುಗದಿಂದ ಬಂದ, ಸೇತುವೆಗೆಂದೇ ಉಂಬಳಿ ಬಿಟ್ಟಂಥ ಆಸ್ತಿಗಳ ಟ್ರಸ್ಟ್ ಒಂದಿದೆ. ಬ್ರಿಜ್ ಹೌಸ್ ಎಸ್ಟೇಟ್ಸ್ ಎಂಬುದು ಅದರ ಹಳೆಯ ಹೆಸರು. ಐದು ಸೇತುವೆಗಳ ನಿರ್ವಹಣೆ ಅದರ ಆದಾಯದಿಂದಲೇ ನಡೆಯುತ್ತದೆ, 2000ದಲ್ಲಿ ತೆರೆದ ಮಿಲೆನಿಯಂ ಪಾದಚಾರಿ ಸೇತುವೆಯೂ ಅದರಲ್ಲೊಂದು. ಅದೇ ನದಿಗೆ ‘ಗಾರ್ಡನ್ ಬ್ರಿಜ್’ ಎಂಬ ಗಿಡಮರಗಳ ಸೇತುವೆ ಕಟ್ಟಲು ಹೊರಟು, ಸುಮಾರು 5.3 ಕೋಟಿ ಪೌಂಡು ಖರ್ಚಾಗಿ, 2017ರಲ್ಲಿ ಯೋಜನೆಯನ್ನೇ ಕೈಬಿಟ್ಟರು. ಅದರಲ್ಲಿ ಹೆಚ್ಚಿನದು ಸಾರ್ವಜನಿಕರ ಹಣ. ಮುಂದಿನ ನಿರ್ವಹಣೆಗೆ ಖಾತರಿ ಕೊಡಲು ಮೇಯರ್ ಸಾದಿಕ್ ಖಾನ್ ಒಪ್ಪದಿದ್ದಾಗ ಯೋಜನೆ ಬಿದ್ದುಹೋಯಿತು. ನಿರ್ವಹಣೆಯ ಹೊಣೆ ಯಾರದು ಎಂಬ ಆ ಪ್ರಶ್ನೆ ಸರಿ, ಆದರೆ ಅದು ಮೊದಲ ಪೌಂಡು ಖರ್ಚಾಗುವ ಮುನ್ನವೇ ಏಳಬೇಕಿತ್ತು.

ಸೇತುವೆಯ ಮಾತಾಯಿತು, ಬೀದಿಯದು ಬೇರೆ ಕಥೆ. ಅಂಗಡಿ ಸಾಲಿನ ರಸ್ತೆಯೊಂದಕ್ಕೆ ಅಗಲ ಫುಟ್‌ಪಾತು ಮಾಡಿ, ಲಾಭ ಆಗುವ ಆಸ್ತಿಗಳಿಂದಲೇ ಅಭಿವೃದ್ಧಿ ಶುಲ್ಕ ಎತ್ತೋಣವೆಂದು ಸಭೆ ಕರೆದೆ. “ಸಾರ್, ನಮ್ಮ ಅಂಗಡಿ ಮುಂದೆ ಆರು ತಿಂಗಳು ಗುಂಡಿ ತೋಡ್ತೀರಿ, ಅದಕ್ಕೆ ದುಡ್ಡೂ ನಾವೇ ಕೊಡ್ಬೇಕಾ?” ಎಂದು ಹಿರಿಯರೊಬ್ಬರು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅಮೆರಿಕದ ಪ್ಯಾಸಡೀನಾ ನಗರದವರು 1993ರಲ್ಲಿ ಹಳೆಪೇಟೆಯಲ್ಲಿ ಪಾರ್ಕಿಂಗ್ ಮೀಟರು ಹಾಕಿ, ಬಂದ ಹಣವನ್ನು ಅದೇ ಬೀದಿಗಳಿಗೆ ಮೀಸಲಿಟ್ಟರು. ಮುಂದೆ ಬರುವ ಆ ಆದಾಯವನ್ನು ನೆಚ್ಚಿ 50 ಲಕ್ಷ ಡಾಲರ್ ಸಾಲ ಎತ್ತಿ, ಮೊದಲು ಕೆಲಸ ಮಾಡಿ ತೋರಿಸಿದರು. ಮುಂದಿನ ಸಭೆಗೆ ನಾನು ಇದನ್ನೇ ಹಿಡಿದುಕೊಂಡು ಹೋದೆ. ಶುಲ್ಕ ಬಿಟ್ಟೆ, ಪಾರ್ಕಿಂಗ್ ಹಣ ಈ ಬೀದಿಗೇ ಎಂದೆ. ಅಂಗಡಿಯವರು ಒಪ್ಪಿದರು, ನಮ್ಮ ಹಣಕಾಸು ಅಧಿಕಾರಿ ಒಪ್ಪಲಿಲ್ಲ. “ಪ್ರತಿ ಬೀದಿಯೂ ತನ್ನ ಆದಾಯ ತಾನೇ ಇಟ್ಟುಕೊಂಡರೆ ಅಂಗಡಿಯಿಲ್ಲದ ಬೀದಿಗೆ ಯಾರಿದ್ದಾರೆ?” ಅವರ ಮಾತು ಸುಳ್ಳಲ್ಲ. ಕೊನೆಗೆ ಒಂದು ಪಾಲು ಬೀದಿಗೆ, ಉಳಿದದ್ದು ಸಾಮಾನ್ಯ ನಿಧಿಗೆ ಎಂದು ತೀರ್ಮಾನವಾಯಿತು. ಇಬ್ಬರಿಗೂ ಪೂರ್ತಿ ಸಮಾಧಾನವಿಲ್ಲ, ನನಗೂ ಇಲ್ಲ.

ಎರಡನೆಯ ಸೇತುವೆಗೆ ಲಿಫ್ಟೇ ಹಾಕಿದೆವು. ಮೊದಲ ಐದು ವರ್ಷದ ನಿರ್ವಹಣೆಯನ್ನು ಕಟ್ಟುವ ಟೆಂಡರಿನೊಳಗೇ ಸೇರಿಸಿದ್ದರಿಂದ ಈವರೆಗೆ ಓಡುತ್ತಿದೆ. ಆ ಅವಧಿ ಮುಂದಿನ ವರ್ಷ ಮುಗಿಯುತ್ತದೆ. ಈ ಬಜೆಟ್ಟಿನಲ್ಲಿ ಲಿಫ್ಟ್ ನಿರ್ವಹಣೆಗೆಂದೇ ಪ್ರತ್ಯೇಕ ಲೆಕ್ಕಶೀರ್ಷಿಕೆ ಕೇಳಿದ್ದೆ. ಶೀರ್ಷಿಕೆ ಬಂದಿದೆ, ಅದರ ಎದುರಿಗೆ ಸದ್ಯಕ್ಕೆ ಹೆಸರಿಗಷ್ಟೇ ಒಂದು ಸಾಂಕೇತಿಕ ಮೊತ್ತ ಹಾಕಿದ್ದಾರೆ. ವರ್ಷದ ನಡುವೆ ಹೆಚ್ಚುವರಿ ಹಣ ಕೇಳುವ ಪೂರಕ ಅಂದಾಜಿಗೆ ಕಡತ ಮತ್ತೆ ಮೇಲೆ ಕಳಿಸಿದ್ದೇನೆ.