ಅಚ್ಚುಕಟ್ಟಿನ ತಿಳಿವಳಿಕೆಯನ್ನು ನಕ್ಷೆಗೆ ಇಳಿಸಿದ ಬಗೆ

ಮಂಡ್ಯ ಜಿಲ್ಲೆಯ ಕೆರೆ ಅಚ್ಚುಕಟ್ಟುಗಳಲ್ಲಿ (ಕೆರೆ ನೀರು ಹರಿಯುವ ಗದ್ದೆ ಬಯಲುಗಳಲ್ಲಿ) ನೀರು, ಮಣ್ಣು, ಮಳೆಯ ಬಗ್ಗೆ ಊರವರಿಗೆ ಗೊತ್ತಿರುವುದನ್ನು ದಾಖಲಿಸಲು ಹೊರಟಾಗ ನಮ್ಮ ಭೂಗೋಳ ತಂಡಕ್ಕೆ ಮೊದಲು ಬೇಕಾದದ್ದು ಗ್ರಾಮ ನಕ್ಷೆ. ಪ್ರಶ್ನಾವಳಿ ಆಮೇಲೆ. ಸರ್ವೆ ಇಲಾಖೆಯ ಹಳೆಯ ನಕ್ಷೆ 1:7920ರದ್ದು, ಅಂದರೆ ಮೈಲಿಗೆ ಎಂಟು ಇಂಚು. ಅದರಲ್ಲಿ ಅರ್ಧ ಎಕರೆ ಗದ್ದೆ ಆರು ಮಿಲಿಮೀಟರ್ ಚೌಕವೂ ಆಗುವುದಿಲ್ಲ, ರೈತ ಪೆನ್ನು ಇಟ್ಟರೆ ಗದ್ದೆಯೇ ಮುಚ್ಚಿಹೋಗುತ್ತದೆ. ಹಾಗಾಗಿ ಅಚ್ಚುಕಟ್ಟಿನ ಭಾಗವನ್ನು 1:2000ಕ್ಕೆ ಹಿಗ್ಗಿಸಿ ಎ1 ಹಾಳೆಯಲ್ಲಿ ಮುದ್ರಿಸಿದೆವು. ಒಂದು ಹಾಳೆಗೆ ಸುಮಾರು 1.2 ಕಿ.ಮೀ. ಅಗಲ, 1.7 ಕಿ.ಮೀ. ಉದ್ದದ ಜಾಗ ಹಿಡಿಯುತ್ತದೆ.

ಹಳೆಯ ಕಾಗದ ಎಲ್ಲ ಕಡೆ ಒಂದೇ ಸಮ ಕುಗ್ಗಿರುವುದಿಲ್ಲ. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಅದನ್ನು ನೆಲದ ನಿಜವಾದ ಜಾಗಕ್ಕೆ ಕೂರಿಸುವಾಗ ನಾಲ್ಕೂ ಮೂಲೆಗೆ ಹರಡಿದಂತೆ ಆರು ಗುರುತಾದರೂ ಬೇಕು. ಗಡಿಕಲ್ಲು ಒಳ್ಳೆಯದು, ಕೆರೆಯಂಚು ಬೇಡ. ನೀರು ಏರಿಳಿದಂತೆ ಅಂಚೂ ಸರಿಯುತ್ತದೆ.

ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಒಬ್ಬೊಬ್ಬರಿಗೂ ಬೇರೆ ಹಾಳೆ ಕೊಡಬೇಕು: ನೀರುಗಂಟಿಗೆ (ಗದ್ದೆಗಳಿಗೆ ನೀರು ಹಂಚುವವರಿಗೆ) ಒಂದು, ತೂಬಿನ ಬುಡದ ಗದ್ದೆಯವರಿಗೆ ಒಂದು, ಕೊನೆಯ ಗದ್ದೆಯವರಿಗೆ ಇನ್ನೊಂದು. ಎಲ್ಲರನ್ನೂ ಒಂದೇ ಹಾಳೆಗೆ ಕೂರಿಸಿದರೆ ಹೆಚ್ಚು ಜಮೀನಿರುವವರೇ ಬರೆಯುತ್ತಾರೆ, ಉಳಿದವರು ಹೂಂ ಅನ್ನುತ್ತಾರೆ.

ಆಮೇಲೆ ನಡಿಗೆ, ಅದೂ ನೀರು ಬಿಟ್ಟಿರುವಾಗ. ಕಾಲುವೆ ಒಣಗಿದ್ದಾಗ ಕೇಳಿದರೆ ಸರದಿ ಹೇಗಿರಬೇಕೋ ಹಾಗೆ ಹೇಳುತ್ತಾರೆ, ಹರಿಯುವಾಗ ನಡೆದರೆ ಹೇಗಿದೆಯೋ ಹಾಗೆ ಕಾಣುತ್ತದೆ. ನೀರುಗಂಟಿ ಯಾವ ಕವಲಿಗೆ ಗುದ್ದಲಿಯಿಂದ ಮಣ್ಣು ಎಳೆದು ಕಟ್ಟುತ್ತಾರೆ, ಯಾವುದನ್ನು ಅರ್ಧ ಬಿಡುತ್ತಾರೆ ಎಂಬುದನ್ನು ಅಲ್ಲೇ ಬರೆದುಕೊಳ್ಳಬೇಕು. ಫೋನಿನ ಜಿಪಿಎಸ್ ಬಯಲಿನಲ್ಲೇ ಐದು ಮೀಟರ್ ಆಚೀಚೆ ತೋರಿಸುತ್ತದೆ, ತೆಂಗಿನ ತೋಟದೊಳಗೆ ಇನ್ನೂ ಹೆಚ್ಚು. ಜೊತೆಗೆ ಸರ್ವೆ ನಂಬರು, ಹಿಸ್ಸಾ (ಆ ನಂಬರಿನೊಳಗಿನ ಪಾಲು) ಬರೆಯದಿದ್ದರೆ ಪಕ್ಕದ ಗದ್ದೆಯ ಮಾತು ಈ ಗದ್ದೆಗೆ ಅಂಟುತ್ತದೆ.

ಮಣ್ಣಿನ ವಿಷಯದಲ್ಲಿ ಊರಿನ ವಿಂಗಡಣೆಯನ್ನೇ ಹಿಡಿದು ಹೋಗುವುದು ಲೇಸು. ಮೇಲೆ ಬಿಳಿ ಪುಡಿ ಕಟ್ಟಿದರೆ ಚೌಳು. ಕಪ್ಪಗೆ ಬಿಗಿದು ನೀರು ಇಂಗದಿದ್ದರೆ ಕರಲು. ಎರಡೂ ಕಡೆ ಮೇಲಿನ 15 ಸೆಂ.ಮೀ. ಮಣ್ಣು ತೆಗೆದು, ಒಣಗಿಸಿ, ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ಬಟ್ಟಿ ಇಳಿಸಿದ ನೀರು ಬೆರೆಸಿ ರಸಸಾರ (pH) ಅಳೆಯಬಹುದು. ಕರಲಿನಲ್ಲಿ ಅದು 8.5 ದಾಟುತ್ತದೆ. ಜಿಪ್ಸಂ ಬೇಕಾಗುವುದು ಇದಕ್ಕೇ. ಬರೀ ಚೌಳಾದರೆ ಒಳ್ಳೆಯ ನೀರು ಕಟ್ಟಿ ಬಸಿಗಾಲುವೆಗೆ ಉಪ್ಪು ಹರಿಸಬೇಕು. ಜೌಗು ಎಲ್ಲಿ ಎಂದು ತಿಳಿಯಲು ಹೊನಗೊನ್ನೆ ಸೊಪ್ಪು ಕೀಳಲು ಹೋಗುವ ಹೆಂಗಸರ ಹಿಂದೆ ಹೋಗಿ. ಅದು ತೇವ ಬಿಟ್ಟು ಬೆಳೆಯುವ ಗಿಡವಲ್ಲ. ಗಂಡಸರ ಹಾಳೆಗಳಲ್ಲಿ ಈ ತೇವದ ಪಟ್ಟಿಗಳು ಸಾಮಾನ್ಯವಾಗಿ ಇರುವುದೇ ಇಲ್ಲ.

ಮಳೆಯನ್ನು ತಿಂಗಳ ಲೆಕ್ಕದಲ್ಲಿ ಕೇಳಬಾರದು. ‘ಜೂನ್ ಎರಡನೇ ವಾರ ಹೇಗಿತ್ತು?’ ಎಂದರೆ ಮುಖ ನೋಡುತ್ತಾರೆ. ‘ಮೃಗಶಿರೆ ಹೆಂಗ್ ಹುಯ್ತಣ್ಣ?’ ಎಂದರೆ ಉತ್ತರ ಹರಿಯುತ್ತದೆ. ಒಂದೊಂದು ನಕ್ಷತ್ರದ ಮಳೆಗೂ 13–14 ದಿನ: ಮೃಗಶಿರೆ ಜೂನ್ 8ರ ಆಸುಪಾಸು ಹುಟ್ಟಿದರೆ ಆರಿದ್ರಾ 22ರ ಹೊತ್ತಿಗೆ. ಆ ವರ್ಷದ ಪಂಚಾಂಗ ಇಟ್ಟುಕೊಂಡು ತಾರೀಖಿಗೆ ತಿರುಗಿಸಿ, ಮಳೆಮಾಪಕದ ಅಂಕಿಗೆ ಹೊಂದಿಸಬೇಕು. ಇಲ್ಲೊಂದು ತೊಡಕು: ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಆದ್ದರಿಂದ 12ರ ರಾತ್ರಿಯ ಮಳೆ 13ರ ಲೆಕ್ಕಕ್ಕೆ ಬರುತ್ತದೆ. ಇದನ್ನು ಮರೆತು ರೈತರ ನೆನಪು ತಪ್ಪು ಎಂದು ಷರಾ ಬರೆಯುವವರುಂಟು.

‘ಹದ ಮಳೆ’ (ಉಳಲು, ಬಿತ್ತಲು ತಕ್ಕಷ್ಟು ಮಳೆ) ಎಂದಾಗ ಮಿಲಿಮೀಟರ್ ಕೇಳುವುದರಿಂದ ಪ್ರಯೋಜನವಿಲ್ಲ. ಮಾರನೆಯ ಬೆಳಿಗ್ಗೆ ಅವರ ಹೊಲದಲ್ಲೇ ಗುದ್ದಲಿ ಹಾಕಿ, ಒದ್ದೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಪಟ್ಟಿಯಿಂದ ಅಳೆಯಿರಿ. ಅದೇ ಮಳೆಗೆ ಕೆಂಪು ಮಣ್ಣಿನಲ್ಲಿ ಒದ್ದೆ ಆಳಕ್ಕೆ ಹೋಗಿರುತ್ತದೆ, ಎರೆ (ಕಪ್ಪು) ಮಣ್ಣಿನಲ್ಲಿ ಮೇಲೆಯೇ ನಿಂತಿರುತ್ತದೆ. ಒಂದೇ ಊರಿನ ಇಬ್ಬರು ಹದದ ಬಗ್ಗೆ ಬೇರೆ ಬೇರೆ ಹೇಳುವುದಕ್ಕೆ ಇದೇ ಕಾರಣ.

ಹಾಳೆಗಳನ್ನೆಲ್ಲ ಒಂದರ ಮೇಲೊಂದು ಇಟ್ಟಾಗ ಕಾಲುವೆ ಒತ್ತುವರಿ ಎದ್ದು ಕಾಣುತ್ತದೆ. ಅದಕ್ಕೇ ಊರಿಗೆ ತೋರಿಸುವ ಪ್ರತಿಯಿಂದ ಸರ್ವೆ ನಂಬರು ತೆಗೆದು, ನಂಬರಿನ ಪಟ್ಟಿಯನ್ನು ಬೇರೆ ಕಡತದಲ್ಲಿ ಇಡುತ್ತೇವೆ.